ಭಾವನ ಬಡ್ಡಿಯಿಲ್ಲದ ಲಕ್ಷ

ಕೇಳಿರಪ್ಪಾ ಮಹಾಜನಗಳೇ! ಇವತ್ತು ಬೆಳಿಗ್ಗೆ ಕುಶಾಲನಗರದ ನಮ್ಮ ಅಡುಗೆಮನೆಯೇ ರಂಗಸ್ಥಳ. ಕ್ರೆಡಿಟ್ ಕಾರ್ಡಿನಿಂದ ಒಂದು ಲಕ್ಷವನ್ನು ಉಳಿತಾಯ ಖಾತೆಗೆ ವರ್ಗಾಯಿಸಿಕೊಂಡಿದ್ದ ನಮ್ಮ ಭಾವ ಎದೆಯುಬ್ಬಿಸಿ ಘೋಷಿಸಿದರು: "ಆರು ತಿಂಗಳು ಬಡ್ಡಿನೇ ಇಲ್ಲ! ಎಫ್‌ಡಿ ಇಟ್ಟು ಬಂದ ಬಡ್ಡಿ ತಿಂದು, ಅವರ ದುಡ್ಡು ಅವರಿಗೇ ಬಿಸಾಕ್ತೀನಿ!"

"ಅಯ್ಯೋ, ಅದು ಸಾಲದ ದುಡ್ಡಾ?" ಅಂದಳು ಅಕ್ಕ. ಆ ಉಳಿತಾಯ ಖಾತೆ ಇಬ್ಬರ ಜಂಟಿ ಖಾತೆ, ಅದರ ಮೆಸೇಜು ಬರುವುದು ಅವಳ ಫೋನಿಗೆ. "ನನಗೆ ಗೊತ್ತಾಗ್ದಂಗೆ ಕೂಡಿಟ್ಟಿದೀರ ಅಂದ್ಕೊಂಡು, ನಿನ್ನೆನೇ ಬಿತ್ತನೆ ಶುಂಠಿಗೆ ಕಳಿಸ್ಬಿಟ್ಟೆ ಕಣ್ರೀ!"

ಭಾವ ಅವಳ ಫೋನು ಕಸಿದುಕೊಂಡರು. "ಪೂರ್ತಿನಾ?"

"ಇಲ್ಲ, ಆರುನೂರು ಉಳ್ಸಿದೀನಿ."

ಶುಂಠಿ ಬಲಿಯಲು ಒಂಬತ್ತು ತಿಂಗಳು ಬೇಕು. ಬ್ಯಾಂಕಿನವರು ಕೊಟ್ಟಿರುವುದು ಆರೇ. ಕಡಿಮೆ ಬಿದ್ದ ಮೂರು ತಿಂಗಳನ್ನು ಯಾವ ಕಾರ್ಡಿನಿಂದ ವರ್ಗಾಯಿಸುವುದೆಂದು ಭಾವ ಯೋಚಿಸುತ್ತಿದ್ದಾರೆ!