ಅನಸೂಯಮ್ಮ ಹರಿಗೋಲು ಕಲಿತ ಅಮಾವಾಸ್ಯೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅಮಾವಾಸ್ಯೆಯಂದು ಮಗ್ಗದ ಸದ್ದು ಕೇಳಿಸುತ್ತಿರಲಿಲ್ಲ. ಲಾಳಿಯನ್ನು ಒರೆಸಿ, ಕುಂಕುಮವಿಟ್ಟು, ದುಡಿದ ಕೈಗಳಿಗೆ ದೇವರ ಹೆಸರಿನಲ್ಲಿ ಬಿಡುವು ಕೊಡುವುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಗಂಡಸರು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತಿರುವಾಗ ಅನಸೂಯಮ್ಮನವರು ಮೊದಲ ಬಸ್ಸು ಹಿಡಿದು ಸತ್ತೇಗಾಲಕ್ಕೆ ಹೊರಟಿರುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವನ ಮಗ್ಗದ ಗುಂಡಿಗೆ ತಾವೇ ಇಳಿದು, ಕೈಯಲ್ಲಿ ಲಾಳಿ ಆಡಿಸುತ್ತ ಕಾಲಲ್ಲಿ ಹಲಗೆ ತುಳಿಯುತ್ತ, ರೇಷ್ಮೆ ಸೀರೆ ನೇಯ್ದು ಬದುಕಿದ ಹೆಣ್ಣುಮಗಳು ಅವರು. ಕಣ್ಣು ಕಾಣದ ತಾಯಿ ದೇವೀರಮ್ಮ ಕಾವೇರಿಯ ಆಚೆ ದಡದ ಹಟ್ಟಿಯಲ್ಲಿ, ಮಗನ ಮನೆಯಲ್ಲಿದ್ದರು. ತಿಂಗಳಿಗೊಮ್ಮೆ ಮಗಳು ಬಂದು ತಲೆಗೆ ಎಣ್ಣೆಯೊತ್ತಿ, ಸಿಕ್ಕು ಬಿಡಿಸಿ, ಬೀದಿಯ ಸುದ್ದಿಯನ್ನೆಲ್ಲ ಹೇಳಿ ಹೋದರೆ ಆ ಮುದುಕಿಗೆ ಅದೇ ಹಬ್ಬ.

ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿ ಐದನೆಯ ವರ್ಷ. ವೈಶಾಖದ ಅಮಾವಾಸ್ಯೆಯ ಬೆಳಿಗ್ಗೆ ಅವರು ಹೊಳೆಗಿಳಿದಾಗ ಅಂಬಿಗ ಜವರಯ್ಯ ಹರಿಗೋಲನ್ನು ಮಗುಚಿಟ್ಟು ಪಕ್ಕದಲ್ಲಿ ಕುಳಿತಿದ್ದ. ಬಂಡೆಯ ಮೇಲೆ ಜಾರಿ ಅವನ ಬಲಭುಜ ಮುರಿದಿತ್ತು. ಮೂಳೆ ಕೂಡಿದರೂ ಹುಟ್ಟು ಎಳೆಯುವ ಬಲ ಮರಳದು ಎಂದು ನಾಟಿ ವೈದ್ಯರು ಹೇಳಿದ್ದರು. ಅವನ ಬದಲಿಗೆ ಹುಟ್ಟು ಹಿಡಿಯುವವರು ಹೊಳೆ ದಾಟಿಸುವ ಆ ಕಡವಿನಲ್ಲಿ ಇರಲಿಲ್ಲ.

"ಇನ್ ಈ ಕಡವು ಮುಗೀತು ಕಣವ್ವಾ. ಸೇತ್ವೆ ಬಳಸ್ಕಂಡು ಓಗು."

"ಬಳಸ್ಕಂಡು ಓದ್ರೆ ಅವ್ವನ ಮಕ ನೋಡೋ ವತ್ಗೆ ವಾಪಸ್ ಬಸ್ಸು ಒಂಟೋಯ್ತದೆ ಕಣಣ್ಣ. ನಂಗೇ ಕಲ್ಸು."

"ನಿಂಗಾ? ರೇಸ್ಮೆ ಎಳೆ ಇಡ್ಯೋ ಕೈಗೆ ಹುಟ್ಟು ಬೇಕಾ?" ಜವರಯ್ಯ ಭುಜದ ನೋವನ್ನೂ ಮರೆತು ನಕ್ಕ. ಅನಸೂಯಮ್ಮ ನಗಲಿಲ್ಲ. ಅವನು ಎಡಗೈಯಿಂದ ಹುಟ್ಟನ್ನು ತೋರಿಸಿದ. "ಸರಿ, ಕೇಳು. ನಾನು ಹುಟ್ಟು ಮುಟ್ಟಕಿಲ್ಲ. ಇವತ್ತು ನೀನೇ ಆಚೆ ದಡ ಮುಟ್ಸುದ್ರೆ ಅಮಾಸೆ ಅಮಾಸೆಗೂ ಹರಿಗೋಲು ನಿಂದೆ. ನಾನು ಕೈ ಆಕ್ಬೇಕಾಯ್ತಾ, ಇನ್ನೊಂದ್ಸಲ ಕೇಳ್ಬ್ಯಾಡ. ನಿನ್ನ ಹೊಳೆಗೆ ಕೊಟ್ಟ ಪಾಪ ನಂಗ್ಯಾಕೆ?"

ಹರಿಗೋಲನ್ನು ನೀರಿಗಿಳಿಸಿ ಇಬ್ಬರೂ ಹತ್ತಿ ಕುಳಿತರು. ಮೊದಲ ಪಾಠ ಸುಲಭವಾಗಿಯೇ ಕೇಳಿಸಿತು: ಹುಟ್ಟನ್ನು ಮುಂದಕ್ಕೆ ಚುಚ್ಚಿ, ನೀರನ್ನು ತನ್ನ ಎದೆಯ ಕಡೆಗೆ ಎಳೆದುಕೊಳ್ಳಬೇಕು. ಆದರೆ ಅನಸೂಯಮ್ಮನವರ ಕೈಗಳು ಲಾಳಿಯಾಡಿಸಿದ ಕೈಗಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೀಸಿದಂತೆಲ್ಲ ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗಿತು.

"ಲೇ ಅನಸೂಯಾ, ರಾಗಿ ಬೀಸ್ತಿದ್ದೀಯಾ? ಮುಂದ್ಕೆ ಆಕು, ಮುಂದ್ಕೆ!"

ಎಷ್ಟೋ ಸುತ್ತು ತಿರುಗಿದ ಬಳಿಕ ಕೈ ಹದಕ್ಕೆ ಬಂತು. ಹರಿಗೋಲು ದಡ ಬಿಟ್ಟಿತು. ಆದರೂ ಅದು ತೊಟ್ಟಿಲಿನಂತೆ ಓಲಾಡುತ್ತಿತ್ತು, ಅಂಚಿನಿಂದ ನೀರು ತುಳುಕಿ ಒಳಬರುತ್ತಿತ್ತು. ಜವರಯ್ಯ ಬಗ್ಗಿ ನೋಡಿದ. ಒಂದೊಂದು ಎಳೆತಕ್ಕೂ ಅವರ ಬಲಗಾಲು ಒಮ್ಮೆ, ಎಡಗಾಲು ಒಮ್ಮೆ ತಳವನ್ನು ಒತ್ತುತ್ತಿದ್ದವು.

"ಕಾಲ್ಯಾಕವ್ವ ಕುಣೀತವೆ?"

"ಕೈ ಆಡುದ್ರೆ ಕಾಲು ಸುಮ್ಕಿರಕಿಲ್ಲ ಕಣಣ್ಣ."

"ಇದೇನ್ ಮಗ್ಗದ್ ಗುಂಡಿನಾ? ಹೊಳೆ ಮ್ಯಾಲೆ ಸೀರೆ ನೇಯ್ತಾಳಲ್ಲಪ್ಪ ಇವ್ಳು!"

ಕಾಲನ್ನು ಬಿಗಿಹಿಡಿದರೆ ಕೈ ನಿಲ್ಲುತ್ತಿತ್ತು. ಕೈ ಆಡಿದರೆ ಕಾಲು ತುಳಿಯುತ್ತಿತ್ತು. ನಡುಹೊಳೆಯ ಸೆಳವು ಹರಿಗೋಲನ್ನು ಹಿಡಿದುಕೊಂಡಿತು. ಕೆಳಗಡೆ ಬಂಡೆಗಳ ನಡುವೆ ನೀರು ಮೊರೆಯುತ್ತಿತ್ತು. ಜವರಯ್ಯ ನಗುವುದನ್ನು ಬಿಟ್ಟು, ಎಡಗೈಯನ್ನು ಹುಟ್ಟಿನ ಕಡೆಗೆ ಚಾಚಿದ.

"ಮುಟ್ಬ್ಯಾಡ!" ಎಂದು ಅನಸೂಯಮ್ಮ ಚೀರಿದರು.

ಅದೇ ಉಸಿರಿನಲ್ಲಿ ಅವರು ಕಾಲುಗಳನ್ನು ಹಿಂದಕ್ಕೆ ಮಡಚಿ, ದೇವರ ಮುಂದೆ ಕೂರುವಂತೆ ಮಂಡಿಯೂರಿದರು. ತುಳಿಯಲು ಪಾದಗಳಿಗೆ ಈಗ ಏನೂ ಇರಲಿಲ್ಲ. "ತಾಯೀ ಕಾವೇರೀ" ಎನ್ನುತ್ತ ನೀರನ್ನು ಎದೆಗೆ ಎಳೆದುಕೊಂಡರು, ಮತ್ತೆ ಎಳೆದರು. ಹರಿಗೋಲು ಅಲುಗದೆ ಮುಂದೆ ಸರಿಯಿತು. ಬಾಗಿದ ಮಂಡಿಗೆ ಭಗವಂತನು ಎಂಥ ಬಲವನ್ನು ಇಟ್ಟಿದ್ದಾನೆಂಬುದನ್ನು ನಂಬಿದವರಷ್ಟೇ ಬಲ್ಲರು.

ಕಡವಿಗಿಂತ ಬಹಳ ಕೆಳಗೆ, ಯಾರದೋ ಕಬ್ಬಿನ ಗದ್ದೆಯ ಅಂಚಿಗೆ ಅವರು ತಾಗಿದರು. ಜವರಯ್ಯ ಅತ್ತಿತ್ತ ನೋಡಿದ.

"ನಾನು ದಡ ಅಂದಿದ್ದೆ, ಇಂಥಾ ಕಡೆ ಅಂದಿರ್ಲಿಲ್ಲ. ಓಗ್ಲಿ, ಗೆದ್ದೆ ಕಣವ್ವಾ."

ಮಧ್ಯಾಹ್ನ ತಾಯಿಯ ತಲೆಗೆ ಎಣ್ಣೆ ಹಚ್ಚುವಾಗ ದೇವೀರಮ್ಮ ಮಗಳ ಅಂಗೈಯನ್ನು ಹಿಡಿದು ಸವರಿದರು. "ಇದ್ಯಾವ ಬೊಬ್ಬೆ? ಲಾಳಿ ಇಡ್ದು ಬಂದದ್ದಲ್ಲ." ನಿಜ ತಿಳಿದಾಗ ಊರು ಕೇಳುವಂತೆ ಬೈದರು: "ಮುಳ್ಗೋಗಿದ್ರೆ ನಾನ್ ಯಾರ್ನ ಕಾಯ್ಲಿ, ಮುಂಡೇದೆ?" ಬೈದು ಬೈದು, ಆ ಅಂಗೈಯನ್ನು ತಮ್ಮ ಕಾಣದ ಕಣ್ಣುಗಳಿಗೆ ಒತ್ತಿಕೊಂಡು ಕುಳಿತರು.

ಮುಂದಿನ ಅಮಾವಾಸ್ಯೆಯಿಂದ ಆ ತಾಯಿ ಕೋಲೂರಿಕೊಂಡು ತಾವೇ ಹೊಳೆಯಂಚಿಗೆ ಬರತೊಡಗಿದರು. ಅಲ್ಲಿ ನಿಂತು "ಅನಸೂಯಾ, ಓ ಅನಸೂಯಾ" ಎಂದು ಬಿಡದೆ ಕೂಗುವರು. ಮಂಜಿರಲಿ, ಬಿಸಿಲಿರಲಿ, ಮಗಳು ಆ ಕೂಗಿನತ್ತ ಹುಟ್ಟು ಹಾಕುವಳು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಮಾತ್ರ ಇಬ್ಬರೂ ಎರಡು ದಡಗಳಲ್ಲಿ ನಿಂತು ಕೂಗಿಕೊಂಡು ಮರಳುತ್ತಿದ್ದರು. ಹೀಗೆ ಹನ್ನೊಂದು ವರ್ಷ ನಡೆಯಿತು.

ದೇವೀರಮ್ಮ ಶಿವನ ಪಾದ ಸೇರಿದ ಮೇಲೆ ಬಂದ ಮೊದಲ ಅಮಾವಾಸ್ಯೆಯಂದು ಅನಸೂಯಮ್ಮ ಹುಟ್ಟನ್ನು ತಂದು ಜವರಯ್ಯನ ಮನೆಯ ಗೋಡೆಗೆ ಒರಗಿಸಿದರು.

"ಇಟ್ಕಳವ್ವ, ಇನ್ಯಾರ್ ಇಡೀತಾರೆ? ನಿಂಗೇನು ಹೊಳೆ ಬೇಸ್ರಾಯ್ತಾ?"

"ಇಲ್ಲ ಕಣಣ್ಣ," ಎಂದರು ಅವರು. "ಯಾವ ಕಡಿಗೆ ಆಕ್ಲಿ? ಕೂಗೋರಿಲ್ವಲ್ಲ."