ಯಾವ ನೀರಿನ ಕಾಫಿ

ಕೊರೊನಾ ಮುಗಿದ ಮರುವರ್ಷ ನಾನು ಕುಶಾಲನಗರದ ಕಡೆ ಆರೋಗ್ಯ ನಿರೀಕ್ಷಕಿಯಾಗಿದ್ದೆ. ಕಾಫಿ ಕೊಯ್ಲಿನ ಕಾಲ. ಪೇಟೆಯಂಚಿನ ವಠಾರವೊಂದರಲ್ಲಿ ಅಸ್ಸಾಮಿನ ಕಾರ್ಮಿಕರಿಗೆ ಒಬ್ಬರ ಹಿಂದೊಬ್ಬರಿಗೆ ಕಾಮಾಲೆ ಬರುತ್ತಿದೆ ಎಂದು ಆಶಾ ಕಾರ್ಯಕರ್ತೆ ಫೋನ್ ಮಾಡಿದಳು. ಅವರಲ್ಲಿ ರಹೀಮಾ ಎಂಬಾಕೆ ಏಳು ತಿಂಗಳ ಬಸುರಿ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ‘ಇ’ ಬೇರೆಯವರನ್ನು ಕೆಲವು ವಾರ ಮಲಗಿಸಿ ಬಿಟ್ಟುಬಿಡುತ್ತದೆ. ಬಸುರಿಯ ಜೀವವನ್ನೇ ತೆಗೆಯಬಹುದು. ತಕ್ಷಣ ಜೀಪು ಹತ್ತಿದೆ.

ವಠಾರವೆಂದರೆ ಹಳೆಯ ಪಲ್ಪರ್ ಶೆಡ್ಡು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ ಜಾಗಕ್ಕೆ ತಗಡು ಅಡ್ಡ ಹಾಕಿ, ಕೋಣೆಗಳೆಂದು ಬಾಡಿಗೆಗೆ ಕೊಟ್ಟಿದ್ದರು. ಹಿಂದೆ ಬೀಜ ತೊಳೆಯುತ್ತಿದ್ದ ಸಿಮೆಂಟು ತೊಟ್ಟಿಯ ನೀರನ್ನೇ ಅವರು ಕುಡಿಯುತ್ತಿದ್ದರು. ಅದರ ಮೇಲ್ಗಡೆ ದಿಬ್ಬದಲ್ಲಿದ್ದ ಕಕ್ಕಸಿನ ಗುಂಡಿ ತುಂಬಿ ತೊಟ್ಟಿಯತ್ತ ಒಸರುತ್ತಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಮೂಗು ಮುಚ್ಚಿದವಳಲ್ಲ ನಾನು. ಅಂದು ಸೆರಗು ಹಿಡಿದೆ.

“ಅಲ್ಲೇ ಮಾಲೀಕರ ಅಂಗಳದಲ್ಲಿ ಬಾವಿ ಇದೆಯಲ್ಲಪ್ಪ?” ಎಂದು ರಹೀಮಾಳ ಗಂಡ ಜಮಾಲನನ್ನು ಕೇಳಿದೆ.

“ಬಾವಿ ನಮ್ಗೆ ಇಲ್ಲ ಮೇಡಂ. ನಮ್ದು ಕೊಡ ಮುಟ್ಟಿದ್ರೆ ಅಮ್ಮ ಬೈತಾರೆ.”

ಅಮ್ಮ ಎಂದರೆ ಮಾಲೀಕ ರಾಜಪ್ಪನ ತಾಯಿ. ಈ ಜನ ಕೊಯ್ದ ಕಾಫಿಗೆ ಮೈಲಿಗೆಯಿಲ್ಲ, ಇವರ ಕೊಡಕ್ಕೆ ಮಾತ್ರ ಇದೆ! ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ರಹೀಮಾಳನ್ನು ಮಡಿಕೇರಿಯ ಆಸ್ಪತ್ರೆಗೆ ಕಳಿಸಿ, ರಾಜಪ್ಪನ ಜಗಲಿ ಹತ್ತಿದೆ.

“ಎಲ್ಲಿಂದ್ಲೋ ಬಂದೋರು ಮೇಡಮ್ಮೋರೇ, ಗಲೀಜು ಜನ. ಕಾಯ್ಲೆ ಅವ್ರೇ ತಂದಿರೋದು. ನೀರು ಚೆನ್ನಾಗೇ ಐತೆ,” ಎಂದ.

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ನಾನು ಲೋಟ ಮುಟ್ಟದಿರುವುದನ್ನು ಕಂಡು ನಕ್ಕ. “ಹೆದರ್ಬೇಡಿ, ಕುಡೀರಿ. ಇದು ಬಾವಿ ನೀರು, ಆ ತೊಟ್ಟೀದಲ್ಲ.”

ಅವನಿಗೆ ಗೊತ್ತಿತ್ತು. ತಿಳಿಯದೆ ಮಾಡಿದ್ದಾನೆಂದು ಕ್ಷಮಿಸುವ ದಾರಿಯೂ ಅಲ್ಲಿಗೆ ಮುಚ್ಚಿತು. ನನಗೆ ಹೇಸಿಗೆಯಾಯಿತು, ಅವನ ನಗುವಿನ ಮುಂದೆ ಆ ಗುಂಡಿಯ ನಾತವೇ ವಾಸಿ. ತೊಟ್ಟಿ ಒಡೆಯಬೇಕು, ಬಾವಿಯಿಂದ ಶೆಡ್ಡಿಗೆ ಪೈಪು ಎಳೆಯಬೇಕು ಎಂದು ಅಲ್ಲೇ ಕೂತು ನೋಟಿಸು ಬರೆದೆ. ಕಾಫಿ ಆರಿ ಕೆನೆಗಟ್ಟಿತು.

ರಹೀಮಾ ಉಳಿದಳು. ಮಗು ಉಳಿಯಲಿಲ್ಲ. ವಠಾರಕ್ಕೆ ಬಾವಿ ನೀರು ಬಂದ ಕೆಲವೇ ದಿನಕ್ಕೆ ರಾಜಪ್ಪ ತನ್ನ ಮನೆಗೆಂದು ಬೇರೆ ಬೋರ್‌ವೆಲ್ ಕೊರೆಸಿದ.

ನೀರಿನ ಸ್ಯಾಂಪಲ್ ಕಳಿಸಿದರೆ ವರದಿ ನಿಧಾನಕ್ಕೆ ಬರುತ್ತದೆ. ಹಾಗಾಗಿ ನಿವೃತ್ತಿಯವರೆಗೂ ಎಲ್ಲಿ ತಪಾಸಣೆಗೆ ಹೋದರೂ ಮೊದಲು ಮಾಲೀಕರ ಮನೆಯಲ್ಲಿ ಕೂತು ಕಾಫಿ ಕೇಳುತ್ತಿದ್ದೆ. ಲೋಟ ಕೈಗೆ ಬಂದ ಮೇಲೆ, ಇದು ಯಾವ ನೀರಿನದು ಎಂದು ಕೇಳುತ್ತಿದ್ದೆ.