ನಿಂಬೆಹಣ್ಣಿನ ಮೇಲೆ ಹತ್ತಿಸಿದ ಬಾಂಬರ್

೧೯೭೩ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಸಾಮಿಲ್‌ನಲ್ಲಿ ಅಪ್ಪನ ಬೆನ್ನಿಗೆ ಪೆಟ್ಟಾಗಿತ್ತು, ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಲೆ ತಪ್ಪು ಹೊರಿಸಬೇಕೆಂದವರೆಲ್ಲ ಮೊದಲು ಎತ್ತಿದ್ದು ಇದೇ ಮಾತನ್ನು.

೧೯೮೫ರಲ್ಲಿ ನಾನು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಶೆಡ್ಡಿನಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದೆ. ಫೌಂಡ್ರಿಯಲ್ಲಿ ಲೋಹ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ತೆಗೆಯಬೇಕು. ಆ ಅಚ್ಚಿಗೆ ಬೇಕಾದ ಮರದ ಮಾದರಿಗೆ ಪ್ಯಾಟರ್ನ್ ಎನ್ನುತ್ತಾರೆ. ಪಂಪಿನ ಹೊಟ್ಟೆ, ಮೋಟಾರಿನ ಮುಚ್ಚಳ, ಹೀಗೆ ಏನನ್ನಾದರೂ ಮೊದಲು ಮರದಲ್ಲಿ ಮಾಡುವವರು ನಾವು. ಶೆಡ್ಡಿನ ಮಾಲೀಕರು ಗಂಗಣ್ಣ. ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆತನದವರು, ಹೊಲ ಮಾರಿ ಶೆಡ್ಡು ಹಾಕಿದ್ದರು. ಕೆಟ್ಟ ಮನುಷ್ಯರೆಂದು ಹೇಳಲಾರೆ. ಆದರೆ ನಾಲ್ಕು ಜನರ ಮುಂದೆ ತಾವು ಸಣ್ಣವರಾಗುವುದನ್ನು ಸಹಿಸುತ್ತಿರಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಬಸವೇಶ್ವರನಗರದಿಂದ ಶ್ರೀನಿವಾಸಯ್ಯ ಎಂಬ ಹಿರಿಯರು ಬಂದರು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ಎರಡನೇ ಮಹಾಯುದ್ಧದ ಲಿಬರೇಟರ್ ಎಂಬ ಬಾಂಬರ್ ವಿಮಾನದ ಮಾದರಿ ಅವರಿಗೆ ಬೇಕಿತ್ತು. ಯುದ್ಧ ಮುಗಿದ ಮೇಲೆ ಇಲ್ಲೇ ಬಿಟ್ಟುಹೋದ ಆ ವಿಮಾನಗಳನ್ನು ರಿಪೇರಿ ಮಾಡಿ ನಮ್ಮವರು ಬಹಳ ವರ್ಷ ಹಾರಿಸಿದರಂತೆ. ಅವುಗಳ ಎಂಜಿನ್ ನೋಡಿಕೊಂಡವರಲ್ಲಿ ಇವರೂ ಒಬ್ಬರು. ದಸರಾ ಮುಗಿದ ಭಾನುವಾರ ಹಳೆಯ ಸಂಗಡಿಗರೆಲ್ಲ ಸೇರುವುದಿತ್ತು. ಆ ದಿನ ಮಾದರಿಯನ್ನು ತಮ್ಮ ಹಳೆಯ ಯೂನಿಟ್‌ಗೆ ಕಾಣಿಕೆ ಕೊಡಬೇಕೆಂಬುದು ಅವರ ಆಸೆ.

ಗಂಗಣ್ಣನವರು ನನ್ನ ಕಡೆ ನೋಡಿದರು. "ಆಗುತ್ತೇನೋ ರಾಜು?"

"ಡ್ರಾಯಿಂಗ್ ಕೊಟ್ರೆ ಯಾಕಾಗಲ್ಲ ಅಣ್ಣ?" ಎಂದೆ.

ಅಳತೆ ಒಂದು ಅಡಿಗೆ ಅರ್ಧ ಇಂಚು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ನೂರಹತ್ತು ಅಡಿ, ನನ್ನದು ಐವತ್ತೈದು ಇಂಚು. ಮೈಗೆ ಹಗುರವಾದ ಶಿವನಿ ಮರ, ಕಾಲುಗಳಿಗೆ ಹಿತ್ತಾಳೆ ಸರಳು. ನಾಲ್ಕು ಎಂಜಿನ್‌ಗಳನ್ನು ಲೇತ್‌ನಲ್ಲಿ ಕಡೆದೆ. ಎಲ್ಲಕ್ಕಿಂತ ಕಾಡಿದ್ದು ಮೂಗು. ಬಾಂಬ್ ಗುರಿ ಇಡುವವನು ಕೂರುವ ಆ ಜಾಗಕ್ಕೆ ಪೂರ್ತಿ ಗಾಜು. ಅಕ್ರಿಲಿಕ್ ಹಾಳೆಯನ್ನು ಬಿಸಿ ಮಾಡಿ, ಮರದ ಅಚ್ಚಿನ ಮೇಲೆ ಎಳೆದು ಕೂರಿಸಬೇಕು. ಸ್ವಲ್ಪ ಹೆಚ್ಚು ಬಿಸಿಯಾದರೆ ಗುಳ್ಳೆ, ಕಡಿಮೆಯಾದರೆ ಬಿರುಕು. ಶ್ರೀನಿವಾಸಯ್ಯನವರು ವಾರಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

"ಮೂಗಿನ ಗಾಲಿ ಹುಷಾರಪ್ಪ," ಎಂದಿದ್ದರು ಒಮ್ಮೆ. "ನಿಜವಾದ ವಿಮಾನದ್ದೂ ಅದೇ ಬಲಹೀನ. ಇಳಿಯುವಾಗ ಕುಸಿದು ಮೂಗು ನೆಲಕ್ಕೆ ಉಜ್ಜಿದ್ದನ್ನ ನಾನೇ ನೋಡಿದೀನಿ."

ಇನ್ನೊಂದು ದಿನ, ಗಂಗಣ್ಣನವರು ಇಲ್ಲದಾಗ, ಅವರು ಬೇರೆ ಮಾತು ತೆಗೆದರು. ಮೆಕ್ಯಾನಿಕ್‌ಗಳ ತರಬೇತಿಗೆ ಯಂತ್ರದ ಮಾದರಿ ಮಾಡುವ ಒಂದು ವಿಭಾಗ ಅವರಿಗೆ ಪರಿಚಯವಿತ್ತು. "ಅಲ್ಲಿ ಎಸ್ಸೆಸ್ಸೆಲ್ಸಿ ಕೇಳಲ್ಲ, ಕೈ ನೋಡ್ತಾರೆ. ಇದು ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದರು. ಖಾಯಂ ಕೆಲಸ, ಅದೂ ದಿನವೂ ಇಂಥದೇ ಕೆಲಸ. ಬಾಪೂಜಿ ನಗರದ ಮನೆಗೆ ಆ ಸಂಜೆ ನಡೆದೇ ಹೋದೆ. ಬಸ್ಸಿನಲ್ಲಿ ಕೂರುವಷ್ಟು ಸಮಾಧಾನ ಇರಲಿಲ್ಲ.

ಆಯುಧಪೂಜೆಯ ಹೊತ್ತಿಗೆ ವಿಮಾನ ಸಿದ್ಧವಾಯಿತು. ನಮ್ಮ ಪೇಂಟರ್ ಮಣಿ ಎರಡು ದಿನ ಕೂತು ಹಸಿರುಗಂದು ಬಣ್ಣ ಹೊಡೆದಿದ್ದ. ಮರ ಕೊಯ್ಯುವ ಬ್ಯಾಂಡ್ ಸಾಗೆ ಮಾವಿನೆಲೆ, ಲೇತ್‌ಗೆ ಬಾಳೆಕಂಬ ಕಟ್ಟಿ, ಉಳಿ ಕೊಡತಿಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟೆವು. ವಿಮಾನವನ್ನು ಬೆಂಚಿನ ಮೇಲೆ ಕೆಂಪು ಬಟ್ಟೆ ಹಾಸಿ ಇಟ್ಟಿದ್ದೆ. ಗಂಗಣ್ಣನವರು ಅಕ್ಕಪಕ್ಕದ ಶೆಡ್ಡುಗಳ ಮಾಲೀಕರನ್ನೆಲ್ಲ ಅದನ್ನು ತೋರಿಸಲು ಕರೆದಿದ್ದರು.

ಮಂಗಳಾರತಿ ಆಯಿತು. ಹೊರಗೆ ಗಂಗಣ್ಣನವರ ಟೆಂಪೋದ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದೂ ಆಯಿತು. ಅಷ್ಟರಲ್ಲಿ ಪಕ್ಕದ ಶೆಡ್ಡಿನವರೊಬ್ಬರು ನಕ್ಕರು. "ಏನ್ ಗಂಗಣ್ಣ, ಟೆಂಪೋಗೆ ಹತ್ತಿಸಿದ್ರಿ, ವಿಮಾನಕ್ಕಿಲ್ವಾ? ಅದೂ ಗಾಡೀನೇ ಅಲ್ವಾ?"

ಗಂಗಣ್ಣನವರು ತಟ್ಟೆಯಿಂದ ನಿಂಬೆಹಣ್ಣು ತೆಗೆದುಕೊಂಡರು.

"ಬೇಡಿ ಅಣ್ಣ, ತಡೆಯಲ್ಲ ಅದು," ಎಂದೆ.

"ಲೋ, ಗಾಡಿ ಅಂದ್ಮೇಲೆ ಹತ್ತಿಸ್ಬೇಕು ಕಣೋ. ನಾಳೆ ಎಲ್ಲಾದ್ರೂ ಬಿದ್ರೆ ಯಾರು ಹೊಣೆ?"

"ಅದು ಹಾರಲ್ಲ ಅಣ್ಣ. ಮೂಗಿನ ಕಾಲು ಸಣ್ಣದು, ದಮ್ಮಯ್ಯ."

"ನೀನು ಸುಮ್ನಿರು. ಶಾಸ್ತ್ರ ನಿನ್ನ ಕೇಳಿ ಮಾಡ್ಬೇಕಾ?"

ನಾನು ಬೆಂಚು ಸುತ್ತಿ ಬರುವಷ್ಟರಲ್ಲಿ ಮೂಗಿನ ಗಾಲಿಯ ಮುಂದೆ ನಿಂಬೆಹಣ್ಣಿಟ್ಟು, ಬಾಲ ಹಿಡಿದು ತಳ್ಳಿಯೇಬಿಟ್ಟರು. ಟನ್ನುಗಟ್ಟಲೆ ತೂಕದ ಗಾಡಿ ಹತ್ತಿದರೆ ನಿಂಬೆಹಣ್ಣು ಒಡೆಯುತ್ತದೆ. ಆರು ಕಿಲೋದ ವಿಮಾನಕ್ಕೆ ನಿಂಬೆಹಣ್ಣೇ ಬಂಡೆ. ಗಾಲಿ ಹತ್ತಲಿಲ್ಲ. ಅವರು ಇನ್ನಷ್ಟು ಬಲವಾಗಿ ತಳ್ಳಿದರು. ಹಿತ್ತಾಳೆ ಕಾಲು ಹಿಂದಕ್ಕೆ ಮಡಚಿಕೊಂಡು ಮೂಗಿನ ಮರವನ್ನು ಸೀಳಿತು, ಗಾಜು ಅಡ್ಡಕ್ಕೆ ಬಿರಿಯಿತು. ನಿಂಬೆಹಣ್ಣು ಉರುಳಿ ನೆಲಕ್ಕೆ ಬಿತ್ತು, ಒಂದು ಗೀರೂ ಇಲ್ಲದೆ.

ತಮಾಷೆ ಮಾಡಿದವರು ಪ್ರಸಾದ ತೆಗೆದುಕೊಂಡು ಹೊರಟರು. ಗಂಗಣ್ಣನವರು ಕೈ ಒರೆಸಿಕೊಂಡು, "ಅಂಟಿಸು, ಸರಿಹೋಗುತ್ತೆ," ಎಂದರು. ಮೈಯೆಲ್ಲ ಉರಿಯುತ್ತಿದ್ದರೂ ಆಗ ನಾನು ಸುಮ್ಮನಿದ್ದೆ. ಹಬ್ಬದ ದಿನ, ದೊಡ್ಡವರು, ತಪ್ಪಾಯಿತೆಂದು ಅವರಿಗೂ ಗೊತ್ತಾಗಿದೆ ಎಂದುಕೊಂಡೆ.

ಮಾರನೆಯ ದಿನ, ವಿಜಯದಶಮಿಯಂದು, ಶ್ರೀನಿವಾಸಯ್ಯನವರು ಮಾದರಿ ನೋಡಲು ಬಂದರು. ಮೂಗು ನೋಡಿ ಅಲ್ಲೇ ಕೂತುಬಿಟ್ಟರು. ಅವರು ಕೇಳುವ ಮೊದಲೇ ಗಂಗಣ್ಣನವರು ಬಾಯಿ ತೆರೆದರು.

"ಹುಡುಗ ಎತ್ತಿಡುವಾಗ ಕೈ ಜಾರಿದೆ ಸಾರ್. ಓದಿದೋನಲ್ಲ ನೋಡಿ, ನಾಜೂಕು ಗೊತ್ತಾಗಲ್ಲ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಣಿಯ ಕಡೆ ನೋಡಿದೆ. ಅವನು ಬ್ರಷ್ ತೊಳೆಯತೊಡಗಿದ, ಅದು ಆಗಲೇ ತೊಳೆದಿಟ್ಟ ಬ್ರಷ್. ನಾಲ್ಕು ತಿಂಗಳು ಆ ಮೂಗಿನ ಹತ್ತಿರ ಉಸಿರು ಬಿಗಿಹಿಡಿದು ಕೆಲಸ ಮಾಡಿದವನಿಗೆ ನಾಜೂಕು ಗೊತ್ತಿಲ್ಲ. ನಿಂಬೆಹಣ್ಣಿನ ಮೇಲೆ ತಳ್ಳಿದವರಿಗೆ ಗೊತ್ತಿದೆ. ಎಲ್ಲಿ ಕೈ ನೋಡಿ ಕೆಲಸ ಕೊಡುತ್ತಾರೋ ಅಲ್ಲಿಗೆ ನನ್ನನ್ನು ಕರೆದೊಯ್ಯಬೇಕಾದವರ ಮುಂದೆಯೇ ಈ ಮಾತು ಬಂದಿತ್ತು.

"ನನ್ನ ಕೈ ಜಾರಿಲ್ಲ ಸಾರ್," ಎಂದೆ.

"ಈಗ ಅದೆಲ್ಲ ಯಾಕೋ," ಎಂದರು ಗಂಗಣ್ಣನವರು.

ಶ್ರೀನಿವಾಸಯ್ಯನವರು ಕನ್ನಡಕ ತೆಗೆದು ಕಣ್ಣುಜ್ಜಿದರು. "ಯಾರ ಕೈ ಜಾರಿದ್ರೇನಪ್ಪ. ಭಾನುವಾರಕ್ಕೆ ಆಗುತ್ತಾ, ಅಷ್ಟು ಹೇಳು."

ಆ ಮಾತಿಗೆ ಬಂದ ಸಿಟ್ಟು ಗಂಗಣ್ಣನವರ ಸುಳ್ಳಿಗೂ ಬಂದಿರಲಿಲ್ಲ. "ಆಗುತ್ತೆ ಸಾರ್. ಆದ್ರೆ ಹೆಂಗೆ ಮುರೀತು ಅಂತ ಅಣ್ಣಾವ್ರು ನಿಮ್ಮೆದುರಿಗೆ ಹೇಳ್ಲಿ. ಆಮೇಲೆ ಉಳಿ ಮುಟ್ತೀನಿ," ಎಂದು ಹೇಳಿ, ಅಂಗಿ ಹಾಕಿಕೊಂಡು ಮನೆಗೆ ಹೋದೆ.

ಸಂಜೆ ಮಣಿ ಬಾಪೂಜಿ ನಗರಕ್ಕೆ ಬಂದ. "ಬಾರೋ ಮಚ್ಚಾ. ಓನರ್ ಯಾರನ್ನೋ ಕರೆಸಿ ಗಾಜು ಬಿಸಿ ಮಾಡಿಸಿದ್ರು, ಹಪ್ಪಳದ ತರ ಆಯ್ತು."

"ನೀನು ನೋಡಿದ್ಯಲ್ಲ, ಯಾಕೆ ಹೇಳ್ಲಿಲ್ಲ?"

"ನಂಗೆ ಮೂರು ಮಕ್ಕಳು ಕಣೋ," ಎಂದ. ಅವನ ಮೇಲೆ ಮತ್ತೆ ಸಿಟ್ಟಾಗಲು ಆಗಲಿಲ್ಲ. ಆದರೆ ಅವನ ಜೊತೆ ಶೆಡ್ಡಿಗೆ ಹೋಗಲೂ ಇಲ್ಲ.

ಮರುದಿನ ಬೆಳಿಗ್ಗೆ ಗಂಗಣ್ಣನವರೇ ಟೆಂಪೋದಲ್ಲಿ ಬಂದರು, ಪಕ್ಕದಲ್ಲಿ ಶ್ರೀನಿವಾಸಯ್ಯನವರು. ನಮ್ಮ ಬಾಗಿಲಲ್ಲಿ ನಿಂತು, ಬೀದಿಯ ಕಡೆ ಮುಖ ಮಾಡಿ ಗಂಗಣ್ಣನವರು ಹೇಳಿದರು: "ನಾನೇ ತಳ್ಳಿದ್ದು ಸಾರ್. ನಿಂಬೆಹಣ್ಣು ಹತ್ತಿಸೋಕೆ. ಇವನು ಬೇಡ ಅಂದಿದ್ದ. ಸಾಕೇನೋ?"

"ಸಾಕು ಅಣ್ಣ," ಎಂದೆ.

ಆ ಕ್ಷಣದಿಂದ ಭಾನುವಾರ ಬೆಳಗಿನವರೆಗೆ ಕೆಲಸ ಬಿಟ್ಟೇಳಲಿಲ್ಲ. ಸೀಳಿದ ಮರ ತೆಗೆದು ಹೊಸ ತುಂಡು ಕೂರಿಸಿದೆ, ಗಾಜು ಮತ್ತೆ ಎಳೆದೆ, ಮಣಿ ಬಣ್ಣ ಸರಿಮಾಡಿದ. ಶ್ರೀನಿವಾಸಯ್ಯನವರು ಬೆರಳಿಂದ ಮೂಗು ಸವರಿ ನೋಡಿದರು. ಎಲ್ಲಿ ಮುರಿದಿತ್ತೆಂದು ಅವರಿಗೇ ತಿಳಿಯಲಿಲ್ಲ. ವಿಮಾನವನ್ನು ಟೆಂಪೋದಲ್ಲಿಟ್ಟ ಮೇಲೆ ನಾನು ತರಬೇತಿ ವಿಭಾಗದ ಮಾತು ಕೇಳಿದೆ.

ಅವರು ಟೆಂಪೋದ ಬಾಗಿಲ ಮೇಲೆ ಕೈಯಿಟ್ಟು ನಿಂತರು. "ನಿನ್ನ ಕೆಲಸದಲ್ಲಿ ದೋಷ ಇಲ್ಲಪ್ಪ. ಹಠ ಜಾಸ್ತಿ. ನನ್ನ ವಯಸ್ಸಿನೋರ ಕಾರ್ಯಕ್ರಮ ನಿಂತ್ಹೋಗೋದ್ರಲ್ಲಿತ್ತು, ನೀನು ಯಾರು ತಳ್ಳಿದ್ರು ಅಂತ ಕೂತೆ. ಅಂಥೋರನ್ನ ಕರ್ಕೊಂಡು ಹೋಗೋಕೆ ನನಗೆ ಧೈರ್ಯ ಇಲ್ಲ." ಹಾಗೆಂದು ಟೆಂಪೋ ಹತ್ತಿದರು.

ಅವರ ಮೇಲೆ ನನಗೆ ಗೌರವವಿತ್ತು. ಸಿಟ್ಟು ಇಂದಿಗೂ ಇಳಿದಿಲ್ಲ. ಸುಳ್ಳು ಹೇಳಿದವರಿಗೆ ಹಠ ಎನ್ನಲಿಲ್ಲ, ಸುಳ್ಳು ಬೇಡವೆಂದವನಿಗೆ ಹಠ ಎಂದರು. ಅಂದು ನಾನು ತಲೆ ತಗ್ಗಿಸಿ ಅಂಟಿಸಿಕೊಟ್ಟಿದ್ದರೆ, ಕೈ ಜಾರುವವನೆಂಬ ಹೆಸರು ಹೊತ್ತು ಅದೇ ಕೆಲಸಕ್ಕೆ ಹೋಗುತ್ತಿದ್ದೆನೋ ಏನೋ. ಹಾಗೆ ಸಿಗುವ ಕೆಲಸ ನನಗೆ ಬೇಕಿರಲಿಲ್ಲ. ದೀಪಾವಳಿ ಕಳೆದ ಮೇಲೆ ಗಂಗಣ್ಣನವರ ಶೆಡ್ಡನ್ನೂ ಬಿಟ್ಟೆ.

ಆ ವಿಮಾನ ನನಗೆ ಕಲಿಸಿದ್ದು ಇಷ್ಟು. ಮರ ಮುರಿದರೆ ಜೋಡಿಸಬಹುದು, ಆದರೆ ಮುರಿದವನು ಯಾರೆಂದು ಅಂದೇ ಹೇಳದಿದ್ದರೆ ಆ ಮುರಿತ ಕೈಲಾಗದವನ ತಲೆಗೆ ಬಂದು ಕೂರುತ್ತದೆ. ಮುಂದೆ ನಾನೇ ಹಾಕಿದ ಶೆಡ್ಡಿನಲ್ಲಿ ಯಾರು ಏನು ಮುರಿದರೂ ಅವರೇ ಬಂದು ಹೇಳಬೇಕು. ಹೇಳಿದರೆ ಬೈಗುಳವಿಲ್ಲ. ಮುರಿದವನು ನಾನಾದರೆ ನಾನೇ ಎಲ್ಲರನ್ನೂ ಕರೆದು ಹೇಳುತ್ತೇನೆ.

ಈಗ ನನ್ನದೆಂದು ಇರುವುದು: ಮೂಡಲಪಾಳ್ಯದಲ್ಲಿ ಒಂದು ಶೆಡ್ಡು, ಎರಡು ಲೇತ್, ಒಂದು ಬ್ಯಾಂಡ್ ಸಾ, ಆರು ಜನ ಕೆಲಸಗಾರರು, ಒಂದು ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಗರಗಸಕ್ಕೆ ಅರ್ಧ ಹೋಗಿ ಉಳಿದ ಒಂಬತ್ತೂವರೆ ಬೆರಳು.